ಕೆಂಪು ದಾರ ಕಟ್ಟಿದ ಡಬ್ಬಿ

ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವನಿಗೆ ಒಂದು ಹಿಡಿ ಬೀಜದಿಂದ ಸಸಿ ಎಬ್ಬಿಸುವುದು ಯಾವ ದೊಡ್ಡ ಕೆಲಸ? ಹೀಗೆಂದು ನಾನು ತಿಳಿದಿದ್ದೆ. ತಿಳಿದು ಸುಮ್ಮನಿದ್ದರೆ ಆಗುತ್ತಿತ್ತು. ಫೋನಿನಲ್ಲಿ ಮಗಳಿಗೆ ಹೇಳಿಯೂ ಬಿಟ್ಟೆ!

ನಮ್ಮ ಅಂಗಡಿ ಮಹಾರಾಷ್ಟ್ರದ ಗಡಿಯೂರು ಉಮರ್ಗಾದಲ್ಲಿ, ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿದೆ. ಕಣ್ಣು ಮುಚ್ಚಿಕೊಂಡು ತೊಗರಿ ಮುಟ್ಟಿದರೆ ಸಾಕು, ಅದು ಯೆಣೆಗೂರ ಕಡೆಯದೋ ನಿಲಂಗಾ ಕಡೆಯದೋ ಹೇಳಬಲ್ಲೆ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಇದುವರೆಗೆ ಯಾರೂ ಪರೀಕ್ಷೆ ಮಾಡಲಿಲ್ಲ. ಅದು ಅವರ ದೊಡ್ಡತನ.

ನನ್ನ ಹೆಂಡತಿ ಮಹಾನಂದಾ ಹೋದ ವರ್ಷದ ಕಾರ್ತಿಕದಲ್ಲಿ ತೀರಿಕೊಂಡಳು. ಜ್ವರ ಎಂದು ಮಲಗಿದಳು, ಐದನೆಯ ದಿನ ಇರಲಿಲ್ಲ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಟೊಮೆಟೊ ಬಗ್ಗೆ ಬರೆಯುತ್ತೇನೆ.

ಮದುವೆಯಾಗಿ ಬರುವಾಗ ಅವಳು ನಿಲಂಗಾ ಹತ್ತಿರದ ತವರಿನಿಂದ ಟೊಮೆಟೊ ಬೀಜ ಕಟ್ಟಿಕೊಂಡು ಬಂದಿದ್ದಳು. ಜವಾರಿ ತಳಿ. ನೋಡಲು ಚೆಂದವೇನಿಲ್ಲ. ಚಪ್ಪಟೆ ಮೈ, ತುಂಬ ಮಡಿಕೆ, ಅದರ ಮೇಲೆ ಯಾರೋ ಕೂತು ಎದ್ದು ಹೋದಂತಹ ಆಕಾರ. ಆದರೆ ಹುಳಿ! ಒಂದು ಹಣ್ಣು ಹಾಕಿದರೆ ಇಡೀ ಗಡಿಗೆಯ ಸಾರು ನಿದ್ದೆಯಿಂದ ಎದ್ದು ಕೂಡುತ್ತಿತ್ತು. ಪ್ರತಿ ವರ್ಷ ಚೆನ್ನಾಗಿ ಮಾಗಿದ ಒಂದೆರಡು ಹಣ್ಣನ್ನು ಬೀಜಕ್ಕೆ ಬಿಡುತ್ತಿದ್ದಳು. ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಕುಳ್ಳಿನ, ಅಂದರೆ ಬೆರಣಿಯ, ಬೂದಿಯಲ್ಲಿ ಕಲಸಿ ಎತ್ತಿಡುತ್ತಿದ್ದಳು. ಜೂನ್ ಮೊದಲಿಗೆ ಮಿರಗ ಮಳೆ ಬಂದಾಗ ಬೂದಿ ಸಮೇತ ಮಣ್ಣಿಗೆ ಚೆಲ್ಲುತ್ತಿದ್ದಳು. ಹೀಗೆ ಮೂವತ್ತಾರು ವರ್ಷ. ಆ ಮೂವತ್ತಾರು ವರ್ಷ ನಾನು ಚಟ್ನಿ ತಿಂದೆ. ನಮ್ಮ ಮನೆಯಲ್ಲಿ ಕೆಲಸದ ಹಂಚಿಕೆ ಹಾಗಿತ್ತು.

ಈ ಸಲ ಮಿರಗಕ್ಕೆ ಎಂಟು ದಿನ ಇದ್ದಾಗ ಉದಗೀರದಿಂದ ಮಗಳು ಸುವರ್ಣಾ ಫೋನ್ ಮಾಡಿದಳು.

“ಯಪ್ಪಾ, ಅವ್ವನ ಟಮಾಟಿ ಬೀಜ ಅದಾವಲ್ಲ, ಅರ್ಧಾ ನನಗ ಕಳಸು. ಮಾಳಗಿ ಮ್ಯಾಲ ಹಚ್ಚತೀನಿ.”

“ನಿನಗ್ಯಾಕ ತ್ರಾಸ? ನಾನೇ ಸಸಿ ಮಾಡಿ ಕೊಡತೀನಿ ಬಿಡು.”

“ನೀ?”

ಒಂದೇ ಅಕ್ಷರ. ಅದರೊಳಗೆ ನನ್ನ ಇಡೀ ಸಂಸಾರದ ಚರಿತ್ರೆ ಇತ್ತು.

“ಹೌದು, ನಾನೇ. ಯಾಕ, ನಾ ಬೀಜಾ ನೋಡಿಲ್ಲೇನು?”

“ನೋಡೀಯಪ್ಪಾ, ನೋಡೀ. ಆದ್ರ ಬೀಜ ಅಷ್ಟೇ ಅದಾವ ನೋಡು. ಮಾಮಾನ ಮನ್ಯಾಗೂ ಈಗ ಅಂಗಡಿ ಬೀಜಾನೇ ಹಚ್ಚತಾರ. ಇವು ಹೋದ್ರ ಹೋದಂಗ. ಅವ್ವನ ವರ್ಷದ ದಿನ ಅವ್ವನ ಟಮಾಟಿದೇ ಚಟ್ನಿ ಮಾಡಿ ಎಡಿ ಇಡಬೇಕಂತ ನನ್ನ ಮನಸಿನಾಗ ಅದ.”

“ಆತವ್ವಾ, ಮಾಡೋಣ.”

“ದೇವರ ಜಗಲಿ ಮ್ಯಾಲ ಅದಾವ, ಸ್ಟೀಲ್ ಡಬ್ಬ್ಯಾಗ. ಇಲಿ, ಇರುವಿ ಹತ್ತಬಾರದಂತ ಅವ್ವ ಅಲ್ಲೇ ಇಡತಿದ್ಳು. ಕೆಂಪು ದಾರ ಕಟ್ಟ್ಯಾಳ ನೋಡು.”

ಇಲ್ಲಿ ನಾನು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ. ಕಾರಣ ಹೇಳಿಬಿಡುತ್ತೇನೆ.

ಬಸವ ಜಯಂತಿಯ ಹಿಂದಿನ ದಿನ ನಾನು ದೇವರ ಜಗಲಿಯನ್ನು ಸ್ವಚ್ಛ ಮಾಡಿದ್ದೆ. ಜೀವನದಲ್ಲಿ ಮೊದಲ ಬಾರಿ. ಅಲ್ಲಿ ಎರಡು ಸ್ಟೀಲ್ ಡಬ್ಬಿಗಳಿದ್ದವು. ಅವಳಿ ಜವಳಿ. ಒಂದಕ್ಕೆ ಕೆಂಪು ದಾರ ಸುತ್ತಿತ್ತು. ಎಣ್ಣೆ ಕುಡಿದು, ಧೂಳು ಹಿಡಿದು, ಕಪ್ಪಾಗಿತ್ತು. ದೇವರ ಮುಂದೆ ಇಂಥ ಹೊಲಸೇ ಎಂದು ಕಿತ್ತು ಹೊರಗೆ ಒಗೆದೆ. ಎರಡೂ ಡಬ್ಬಿಗಳನ್ನು ಮುಖ ಕಾಣುವಂತೆ ತಿಕ್ಕಿದೆ. ಕೈಗೆ ಬಂದಂತೆ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟೆ. ಸ್ವಚ್ಛತೆ ಪೂರ್ಣಗೊಂಡಿತು!

“ದಾರ ಒಗದುಬಿಟ್ಟೀನವ್ವಾ” ಎಂದು ಮಗಳಿಗೆ ಹೇಳಬಹುದಿತ್ತು. “ಹೂಂ, ಅದ ಅದ” ಅಂದೆ.

ಫೋನ್ ಇಟ್ಟು ಜಗಲಿಯ ಮುಂದೆ ನಿಂತು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಡಬ್ಬಿಗಳು ಎರಡು. ಒಂದರಲ್ಲಿ ವಿಭೂತಿಯ ಪುಡಿ, ಇನ್ನೊಂದರಲ್ಲಿ ಬೂದಿಯೊಳಗಿನ ಬೀಜ. ಬಲಗಡೆಯ ಡಬ್ಬಿಯಿಂದ ನಾನು ದಿನಾ ಮುಂಜಾನೆ ಹಣೆಗೆ ಹಚ್ಚಿಕೊಳ್ಳುತ್ತೇನೆ. ಅಂದಮೇಲೆ ಬಲಗಡೆಯದು ವಿಭೂತಿ. ಆದ್ದರಿಂದ ಎಡಗಡೆಯದು ಬೀಜ. ತರ್ಕದಲ್ಲಿ ಎಲ್ಲಿಯೂ ದೋಷವಿರಲಿಲ್ಲ.

ಎಡಗಡೆಯದನ್ನು ತೆರೆದೆ. ಕನ್ನಡಕ ಹಾಕಿಕೊಂಡೇ ನೋಡಿದೆ. ಬೆಳ್ಳಗಿನ, ನಯವಾದ ಪುಡಿ. ಬೀಜ ಕಾಣಲಿಲ್ಲ. ಅಷ್ಟು ಸಣ್ಣ ಬೀಜ, ಬೂದಿಯಲ್ಲಿ ಎಲ್ಲಿ ಕಾಣಬೇಕು ಅಂದುಕೊಂಡೆ. ತುಸು ಕರ್ಪೂರದ ವಾಸನೆ ಬಂತು. ಜಗಲಿಯ ಸಹವಾಸ ಅಂದುಕೊಂಡೆ. ಬೂದಿ ಇಷ್ಟು ಬೆಳ್ಳಗೆ ಇರುತ್ತದೆಯೇ? ಮಹಾನಂದಾಳ ಕೆಲಸ, ಬೆಳ್ಳಗೇ ಇರಬೇಕು ಅಂದುಕೊಂಡೆ. ಮನುಷ್ಯ ಅಂದುಕೊಳ್ಳಲು ಕೂತರೆ ಯಾರೂ ತಡೆಯಲಾರರು. ಜರಡಿ ಹಿಡಿದು ನೋಡೋಣವೇ ಎನಿಸಿತು. ಅವಳು ಎಂದೂ ಜರಡಿ ಹಿಡಿದಿರಲಿಲ್ಲ. ಅವಳ ಪದ್ಧತಿ ಮುರಿಯಬಾರದೆಂದು ಬಿಟ್ಟೆ. ಬಲಗಡೆಯ ಡಬ್ಬಿಯನ್ನು ತೆರೆದೂ ನೋಡಲಿಲ್ಲ. ವಿಭೂತಿಯನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಆರು ಕುಂಡಗಳಿಗೆ ಕರಿಮಣ್ಣು, ಸೆಗಣಿ ಗೊಬ್ಬರ ತುಂಬಿದೆ. ಮಿರಗದ ಮೊದಲ ಮಳೆಯಾದ ಮರುದಿನ ಮುಕ್ಕಾಲು ಡಬ್ಬಿ ಪುಡಿಯನ್ನು ಭಕ್ತಿಯಿಂದ ಚೆಲ್ಲಿದೆ. ಮೇಲೆ ತೆಳ್ಳಗೆ ಮಣ್ಣು ಉದುರಿಸಿದೆ. ಕೈ ತೊಳೆದುಕೊಂಡೆ.

ಗೋಡೆಯ ಮೇಲೆ ಮುಖ ಕಂಡಿತು. ಪಕ್ಕದ ಮನೆಯ ಚಂದ್ರಭಾಗಾಬಾಯಿ, ಮನೆಮಾತು ಮರಾಠಿ. ನಮ್ಮ ಎರಡೂ ಹಿತ್ತಲಿನ ನಡುವೆ ಎದೆಮಟ್ಟದ ಗೋಡೆಯಿದೆ. ಅವರು ಆಚೆ, ಮಹಾನಂದಾ ಈಚೆ, ಮೊಣಕೈ ಊರಿ ಮಾತಾಡಿ ಮಾತಾಡಿ ಆ ಜಾಗದ ಗಾರೆ ಸವೆದಿದೆ. ಈಗ ಅವರ ಪಾಲಿಗೆ ಉಳಿದವನು ನಾನು.

“ಅಹೋ ಗುರಪ್ಪಣ್ಣಾ, ಏನ್ ಹಚ್ಚಲತ್ತೀರಿ?”

“ಮಹಾನಂದಾನ ಟಮಾಟಿ.”

“ಬರಂ ಬರಂ, ಚಲೋ ಆತು. ಎಂಟ ದಿನದಾಗ ಮೊಳಕಿ ಬರತಾವ ನೋಡರಿ.”

ಎಂಟು ದಿನವಾಯಿತು. ಬರಲಿಲ್ಲ. ಹನ್ನೆರಡು ದಿನವಾಯಿತು.

“ಏನಂತಾವ ನಿಮ್ಮ ಟಮಾಟಿ?”

“ವಿಚಾರ ಮಾಡಲತ್ತಾವ.”

“ಭಾಳ ದೊಡ್ಡ ವಿಚಾರ ಇರಬೇಕ ಬಿಡರಿ!”

ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಬಿಸಿಲು ಬೇಕೆಂದ, ಇನ್ನೊಬ್ಬ ನೆರಳು ಬೇಕೆಂದ. ಮುಂಜಾನೆ ಕುಂಡಗಳನ್ನು ಬಿಸಿಲಿಗೆ ಒಯ್ದೆ, ಮಧ್ಯಾಹ್ನ ನೆರಳಿಗೆ ತಂದೆ. ಹಸಿ ಗೋಣಿಚೀಲ ಹೊದಿಸಿದೆ, ತೆಗೆದೆ. ಆ ವಾರ ಕುಂಡಗಳು ನನಗಿಂತ ಹೆಚ್ಚು ತಿರುಗಾಡಿದವು. ನನ್ನ ಸೊಂಟ ಹಿಡಿಯಿತು. ಮೊಳಕೆ ಬರಲಿಲ್ಲ.

ಸುವರ್ಣಾ ಮತ್ತೆ ಫೋನ್ ಮಾಡಿದಳು. “ಬಂದಾವೇನ್ ಯಪ್ಪಾ?”

ಅವಳ ದನಿಯಲ್ಲಿ ಬಹಳ ದಿನದ ನಂತರ ಒಂದು ಹುರುಪಿತ್ತು. ಅದನ್ನು ಕೇಳಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಬಂದಾವ. ಎರಡೆರಡ ಎಲಿ.”

“ಹೌದಾ! ಹಂಗಾರ ಬರೋ ತಿಂಗಳ ಮೊದಲನೇ ಐತಾರ ಬರತೀನಿ, ನಾಕ ಸಸಿ ಒಯ್ಯಾಕ!”

ಈಗ ದೇವರೊಬ್ಬನೇ ಉಳಿದ. ಮರುದಿನ ಪೂಜೆಯಾದ ಮೇಲೆ ಬಲಗಡೆಯ ಡಬ್ಬಿಯನ್ನು ಹಿತ್ತಲಿಗೆ ಒಯ್ದು, ಒದ್ದೆ ಬೆರಳಿನಿಂದ ಆರೂ ಕುಂಡಗಳ ಹೊಟ್ಟೆಗೆ ಮೂರು ಮೂರು ಎಳೆ ವಿಭೂತಿ ಎಳೆದೆ. ಸಾಲಾಗಿ ಆರು ಮಂದಿ ಶರಣರು ಕೂತಂತೆ ಕಂಡಿತು. ಬಹಳ ಶಾಂತವಾಗಿ ಕೂತಿದ್ದರು. ಒಬ್ಬರೂ ಮಿಸುಕಾಡಲಿಲ್ಲ.

ನನ್ನ ಸಿಟ್ಟೆಲ್ಲ ಕಳೆಯ ಮೇಲೆ ತಿರುಗಿತು. ನಮ್ಮಲ್ಲಿ ಲಿಂಗಪೂಜೆಯ ನೀರನ್ನು ಮೋರಿಗೆ ಚೆಲ್ಲುವುದಿಲ್ಲ. ಯಾರ ಕಾಲೂ ತಾಗಬಾರದೆಂದು ದಾಸವಾಳದ ಬುಡಕ್ಕೆ ಹಾಕುತ್ತೇವೆ. ಆ ದಾಸವಾಳದ ಬುಡದಲ್ಲಿ ಮಾತ್ರ ಎಂಥದೋ ಕಳೆ ದಟ್ಟವಾಗಿ, ಉತ್ಸಾಹದಿಂದ ಎದ್ದಿತ್ತು. ಬೇಕಾದದ್ದು ಹುಟ್ಟುವುದಿಲ್ಲ, ಬೇಡವಾದದ್ದು ಕೇಳದೆ ಹುಟ್ಟುತ್ತದೆ! ಎರಡು ದಿನಕ್ಕೊಮ್ಮೆ ಬೇರು ಸಮೇತ ಕಿತ್ತು ಗೋಡೆಯಾಚೆ ಒಗೆದೆ. ಆಮೇಲೆ ಆ ಜಾಗ ಗುಡಿಸಿದೆ. ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು.

ಇಷ್ಟರಲ್ಲಿ ಅಂಗಡಿಗೆ ಬಂದ ಗಿರಾಕಿಗಳು ನನ್ನ ಮುಖ ನೋಡಿ ನಿಟ್ಟುಸಿರು ಬಿಡತೊಡಗಿದ್ದರು. “ಶೇಟಜಿ, ಹಣಿ ಯಾಕೋ ಮಸಿ ಹಿಡದಂಗ ಆಗ್ಯದಲ್ಲ?” ಎಂದು ಒಬ್ಬ ಕೇಳಿದ. ಅವನ ಜೊತೆಗಿದ್ದವನು ಮೆಲ್ಲಗೆ ತಿವಿದು, “ಸುಮ್ಮಕಿರೋ, ಮನ್ಯಾಗಿನ ಲಕ್ಷ್ಮೀ ಹೋಗ್ಯಾಳ, ಮಾರಿ ಮ್ಯಾಲ ಕಳಾ ಎಲ್ಲಿಂದ ಬರಬೇಕು” ಅಂದ. ನನಗೂ ಅದು ಸರಿ ಎನಿಸಿತು. ದುಃಖ ಹಣೆಗೂ ಬರುತ್ತದೆ ಎಂದು ನಂಬಿದೆ.

ಅಮಾವಾಸ್ಯೆಗೆ ನಮ್ಮ ಮಠದ ಅಯ್ಯನವರು ಪಾದಪೂಜೆಗೆ ಬಂದರು. ಅದೇ ಡಬ್ಬಿ ಮುಂದಿಟ್ಟೆ. ಅವರ ದೃಷ್ಟಿಯೂ ನನ್ನಷ್ಟೇ. ಹಣೆ ತುಂಬ ಹಚ್ಚಿಕೊಂಡು, ಸ್ವಲ್ಪ ಹೊತ್ತಾದ ಮೇಲೆ ಕೆರೆದುಕೊಂಡರು.

“ಗುರಪ್ಪಾ, ಎಲ್ಲಿದೋ ಈ ವಿಭೂತಿ? ಕಾಳ ಕಾಳ ಹತ್ತತದಲ್ಲೋ!”

“ಕಾಲ ಕೆಟ್ಟದರೀ ಅಯ್ಯನೋರ. ವಿಭೂತ್ಯಾಗೂ ಕಲಬೆರಕಿ ಬಂದದ!”

“ಶಿವ ಶಿವಾ!” ಎಂದು ಅವರು ಇನ್ನೊಮ್ಮೆ ಕೆರೆದುಕೊಂಡು, ನನ್ನನ್ನು ಆಶೀರ್ವದಿಸಿ ಹೋದರು. ಮರುದಿನ ನಾನು ವಿಭೂತಿ ಮಾರುವವನನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಧರ್ಮ, ಪ್ರಾಮಾಣಿಕತೆ, ಪರಲೋಕ ಈ ಮೂರು ವಿಷಯಗಳ ಮೇಲೆ ಮಾತಾಡಿದೆ. ಅವನು ಪಾಪ, ಕೇಳಿಕೊಂಡ.

ಆ ಭಾನುವಾರ ಬಂದೇ ಬಂತು. ಸುವರ್ಣಾ ಉದಗೀರದ ಬಸ್ಸಿನಿಂದ ಇಳಿದು, ಸಸಿ ಇಡಲು ಅರ್ಧಕ್ಕೆ ಕತ್ತರಿಸಿದ ನಾಲ್ಕು ನೀರಿನ ಬಾಟಲಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು. ನೀರು ಕೂಡ ಕುಡಿಯದೆ ಹಿತ್ತಲಿಗೆ ನಡೆದಳು. ವಿಭೂತಿ ಧರಿಸಿದ ಆರು ಖಾಲಿ ಕುಂಡಗಳನ್ನು ನೋಡಿದಳು.

“ಎಲ್ಲಿ ಸಸಿ?”

“ಇಲ್ಲವ್ವಾ.”

“ಎರಡೆರಡ ಎಲಿ ಅಂದಿದ್ದಿ?”

“ಅಂದಿದ್ದೆ.”

ಅವಳು ನನ್ನ ಕಡೆ ತಿರುಗಿದಳು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ಹತ್ತಿರ ಬಂದು ನನ್ನ ಹಣೆಯನ್ನೇ ನೋಡಿದಳು.

“ಯಪ್ಪಾ, ಹಣಿಗೆ ಏನ್ ಹಚ್ಚಿಕೊಂಡೀ?”

“ವಿಭೂತಿ.”

ಉಗುರಿನಿಂದ ನನ್ನ ಹಣೆಯ ಮೇಲಿನದೊಂದನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಚಪ್ಪಟೆ, ಸಣ್ಣ, ಬೂದು ಬಣ್ಣದ ಬೀಜ. ಇಬ್ಬರೂ ಅದನ್ನು ನೋಡುತ್ತ ನಿಂತೆವು. ಆಮೇಲೆ ಅವಳು ಒಳಗೆ ಓಡಿದಳು. ಜಗಲಿಯ ಮೇಲಿನ ಎರಡೂ ಡಬ್ಬಿ ತೆರೆದಳು. ಎಡಗಡೆಯದರ ತಳದಲ್ಲಿ ಉಳಿದಿದ್ದ ಬೆಳ್ಳಗಿನ ವಿಭೂತಿ. ಬಲಗಡೆಯದರಲ್ಲಿ ಕೆರೆದಷ್ಟೂ ಕೆರೆದ ತಳ, ಮೂಲೆಯಲ್ಲಿ ಚಿಟಿಕೆ ಕುಳ್ಳಿನ ಬೂದಿ, ಅದರಲ್ಲಿ ಒಂದೂ ಬೀಜವಿಲ್ಲ.

“ಯಪ್ಪಾ, ನೀ ಬಿತ್ತಿದ್ದು ವಿಭೂತಿ. ದಿನಾ ಹಚ್ಚಿಕೊಂಡಿದ್ದು ಅವ್ವನ ಬೀಜ!”

ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು. ಬೆರಳಿನಿಂದ ತೊಗರಿಯ ಊರು ಹೇಳುವ ನಾನು ಎರಡು ತಿಂಗಳು ಹೆಂಡತಿಯ ಬೀಜವನ್ನು ಹಣೆಯ ಮೇಲೆ ಹೊತ್ತು ತಿರುಗಿದರೂ ಗುರುತಿಸಲಿಲ್ಲ. ಹೊಸದೇನಲ್ಲ. ಮೂವತ್ತಾರು ವರ್ಷ ಅವಳೇ ಕಣ್ಣೆದುರು ತಿರುಗುತ್ತಿದ್ದಳು.

“ದಾರ ಎಲ್ಲಿ ಹೋತು?”

ಹೇಳಿದೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಮಗಳು ಕಣ್ಣೊರೆಸಿಕೊಂಡು ತಟ್ಟನೆ ಕೇಳಿದಳು. “ಲಿಂಗಕ್ಕೂ ಇದೇ ಹಚ್ಚತಿದ್ದೇನು? ಪೂಜಿ ನೀರ ಎಲ್ಲಿ ಹಾಕತೀ? ದಾಸವಾಳಕ್ಕಲ್ಲ?”

ಇಬ್ಬರೂ ಓಡಿದೆವು. ದಾಸವಾಳದ ಬುಡ ಹೇಗಿತ್ತು ಎಂದರೆ, ಊಟಕ್ಕೆ ಕೂಡಬಹುದಿತ್ತು. ಅಷ್ಟು ಸ್ವಚ್ಛ.

“ಇಲ್ಲಿ ಏನೂ ಹುಟ್ಟಿರಲಿಲ್ಲೇನು?”

“ಹುಟ್ಟಿತ್ತು. ಕಳಿ. ಕಿತ್ತೀನಿ.”

“ಎಂಥಾ ಕಳಿ?”

“ಸಣ್ಣ ಸಣ್ಣ. ಎಲಿ ಕತ್ತರಿಸಿದಂಗ. ಕಿತ್ತರ ಕೈಗೆ ಒಂಥರಾ ವಾಸನಿ...”

ಅಲ್ಲಿಗೆ ನಿಂತೆ. ಆ ವಾಸನೆ ನನಗೆ ಗೊತ್ತಿತ್ತು. ಹಿತ್ತಲಿನಿಂದ ಬಂದಾಗ ಮಹಾನಂದಾಳ ಕೈಗೆ ಇರುತ್ತಿದ್ದ ವಾಸನೆ. ಕಳೆ ಕೀಳುವಾಗ ಅದು ಬಂತು. ನೆನಪು ಹೀಗೂ ಕಾಡುತ್ತದಲ್ಲ ಎಂದು ಅಲ್ಲಿಯೇ ಕುಕ್ಕರಗಾಲಲ್ಲಿ ಕೂತು ಅತ್ತಿದ್ದೆ. ಅತ್ತು, ಕಣ್ಣೊರೆಸಿಕೊಂಡು, ಉಳಿದದ್ದನ್ನೂ ಕಿತ್ತಿದ್ದೆ!

“ಎಲ್ಲಿ ಒಗದೀ?”

ನಾನು ಗೋಡೆಯ ಕಡೆ ಕೈ ತೋರಿಸಿದೆ. ಗೋಡೆಯ ಮೇಲೆ ಆಗಲೇ ಚಂದ್ರಭಾಗಾಬಾಯಿಯ ಮುಖವಿತ್ತು. ಎಲ್ಲ ಕೇಳಿಸಿಕೊಂಡಿದ್ದರು.

“ಮೌಶೀ, ಅಪ್ಪ ಒಗದಿದ್ದ ಸಸಿ...”

“ಒಳ್ಳೊಳ್ಳೆ ಸಸಿ ನನ್ನ ಅಂಗಳದಾಗ ಬಂದ ಬೀಳತಿದ್ವು. ಹೊಟ್ಟಿ ಚುರ್ ಅಂತು, ಹಂದರದ ಕೆಳಗ ನೆಟ್ಟೆ.”

ನಾನು ಗೋಡೆಗೆ ಆತುಕೊಂಡೆ. “ಮತ್ತ ನನಗ್ಯಾಕ ಹೇಳಲಿಲ್ಲರಿ, ವೈನಿ?”

“ಏನಂತ ಹೇಳಲಿ? ಕುಂಡದಾಗ ಟಮಾಟಿ ಬರವಲ್ಲವಂತ ದಿನಾ ನೀವೇ ಅಳತೀರಿ. ಟಮಾಟಿ ಸಸಿ ಕಿತ್ತು ದಿನಾ ನೀವೇ ಒಗಿತೀರಿ. ದುಃಖದಾಗಿನ ಮನಷ್ಯಾ, ತಲಿ ಎಲ್ಲೋ ಇರತದ, ಕೇಳಿದ್ರ ಮನಸಿಗೆ ಹತ್ತತದಂತ ಸುಮ್ಮಕಿದ್ದೆ.”

ನನ್ನ ದುಃಖಕ್ಕೆ ಊರೆಲ್ಲ ಎಷ್ಟು ಗೌರವ ಕೊಟ್ಟಿತೆಂದರೆ, ನನ್ನ ದಡ್ಡತನ ಯಾರ ಕಣ್ಣಿಗೂ ಬೀಳಲಿಲ್ಲ.

“ಎಷ್ಟ ಅದಾವ ಮೌಶೀ?” ಸುವರ್ಣಾ ಗೋಡೆಯಾಚೆ ಇಣುಕಿದಳು.

“ಭಾಳ ಇದ್ವು ಮಗಳ. ಆಡು ತಿಂತು. ಎರಡ ಉಳದಾವ.”

ಒಂದು ಸಸಿ ಉದಗೀರದ ಬಸ್ಸಿನಲ್ಲಿ, ಕತ್ತರಿಸಿದ ಬಾಟಲಿಯಲ್ಲಿ, ಮಗಳ ತೊಡೆಯ ಮೇಲೆ ಕೂತು ಹೋಯಿತು. ಇನ್ನೊಂದು ಚಂದ್ರಭಾಗಾಬಾಯಿಯ ಹಿತ್ತಲಲ್ಲೇ ಉಳಿಯಿತು. ಅದನ್ನು ಈಚೆಗೆ ತರುವ ಪ್ರಸ್ತಾಪವನ್ನು ಇಬ್ಬರು ಹೆಂಗಸರೂ ಒಂದೇ ದನಿಯಲ್ಲಿ ತಿರಸ್ಕರಿಸಿದರು. ನನಗೆ ಗೋಡೆಯ ಈಚೆಯಿಂದ ನೋಡುವ ಅಧಿಕಾರ ನೀಡಲಾಯಿತು. ಮುಟ್ಟುವ ಅಧಿಕಾರ ನೀಡಲಿಲ್ಲ. ನಾಲ್ಕು ತಿಂಗಳು ಆ ಸವೆದ ಗಾರೆಯ ಮೇಲೆ ಮೊಣಕೈ ಊರಿ ನೋಡಿದೆ. ಮೊಣಕೈಗೆ ಆ ತಗ್ಗು ಸರಿಯಾಗಿ ಹೊಂದುತ್ತಿತ್ತು.

ಕಾರ್ತಿಕಕ್ಕೆ ಎರಡೂ ಗಿಡಗಳಿಂದ ಸೇರಿ ಒಂದು ಬುಟ್ಟಿಯ ತಳ ಮುಚ್ಚುವಷ್ಟು ಹಣ್ಣು ಬಂದವು. ಚಪ್ಪಟೆ, ಮಡಿಕೆ ಮಡಿಕೆ, ಯಾರೋ ಕೂತು ಎದ್ದಂತಹವು. ಅವಳ ವರ್ಷದ ದಿನ ಸುವರ್ಣಾ ಚಟ್ನಿ ಅರೆದು ಎಡೆ ಇಟ್ಟಳು. ಅಯ್ಯನವರು ಎರಡು ಸಲ ಕೇಳಿ ಹಾಕಿಸಿಕೊಂಡು, “ಎಲ್ಲಿದೋ ಗುರಪ್ಪಾ ಈ ಟಮಾಟಿ?” ಎಂದರು. ತಮ್ಮ ಹಣೆಯ ಮೇಲಿನದೇ ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಬೀಜಕ್ಕೆ ಬಿಟ್ಟ ಹಣ್ಣನ್ನು ಮಾತ್ರ ನಾಲ್ಕು ದಿನ ಮೊದಲೇ ನನ್ನ ಕೈಗೆ ಕೊಟ್ಟಿದ್ದರು, ಮಗಳು, ಚಂದ್ರಭಾಗಾಬಾಯಿ ಇಬ್ಬರೂ ಎದುರು ಕೂತು. ತೊಳೆದೆ, ಒಣಗಿಸಿದೆ, ಬೂದಿಯಲ್ಲಿ ಕಲಸಿದೆ. ವರ್ಷದ ದಿನದ ಸಂಜೆ ಡಬ್ಬಿಗೆ ಮಗಳು ಹೊಸ ಕೆಂಪು ದಾರ ಬಿಗಿದಳು.

“ದಾರ ಯಾಕವ್ವಾ? ನಿಮ್ಮವ್ವಗ ಬರಿಲಿಕ್ಕೆ ಬರತಿತ್ತು. ಒಂದ ಚೀಟಿ ಅಂಟಿಸಿದ್ರ ಆಗತಿರಲಿಲ್ಲೇನು?”

“ನನಗೇನ ಗೊತ್ತು? ಅವ್ವ ಕಟ್ಟತಿದ್ಳು, ನಾ ಕಟ್ಟೀನಿ” ಎಂದು ಸುವರ್ಣಾ ಉದಗೀರಕ್ಕೆ ಹೊರಟು ಹೋದಳು.

ಮರುದಿನ ಮುಂಜಾನೆ ಪೂಜೆಗೆ ಕೂತೆ. ಪೂಜೆಗೆ ಕೂಡುವಾಗ ನಾನು ಯಾವತ್ತೂ ಕನ್ನಡಕ ತೆಗೆದಿಡುತ್ತೇನೆ. ಹಣೆಗೆ ವಿಭೂತಿ ಎಳೆಯುವಾಗ ಅಡ್ಡ ಬರುತ್ತದೆ. ಎದುರಿಗೆ ಎಲ್ಲವೂ ಮಬ್ಬು. ಕೈ ಚಾಚಿದೆ. ಡಬ್ಬಿ ಸಿಕ್ಕಿತು. ಬೆರಳಿಗೆ ದಾರ ತಾಗಿತು.

ಕೈ ತಾನಾಗಿ ಹಿಂದೆ ಬಂತು.

ಚೀಟಿ ಅಂಟಿಸಿದ್ದರೆ ನನಗೆ ಕಾಣುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಆ ದಾರ ಇಲಿಗಲ್ಲ, ಇರುವೆಗಲ್ಲ, ದೇವರಿಗಲ್ಲ. ನನಗೆ ಕಟ್ಟಿದ್ದು. ಎಷ್ಟು ವರ್ಷ ಹೀಗೆ ಬೆರಳು ತಾಗಿ ಕೈ ಹಿಂದೆ ಬಂದಿತ್ತೋ, ನನಗೇ ತಿಳಿದಿರಲಿಲ್ಲ. ಅದನ್ನೇ ನಾನು ಹೊಲಸು ಎಂದು ಕಿತ್ತು ಒಗೆದಿದ್ದೆ.

ದಾರದ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದೆ. ಆಮೇಲೆ, ಈಗಲಾದರೂ ಬುದ್ಧಿ ಬಂತಲ್ಲ ಎಂದು ಸಮಾಧಾನ ಮಾಡಿಕೊಂಡು, ದಾರವಿಲ್ಲದ ಡಬ್ಬಿಯನ್ನು ಹುಡುಕಿ ತೆಗೆದು, ಹಣೆ ತುಂಬ ಮೂರು ಎಳೆ ಎಳೆದುಕೊಂಡು, ತಲೆ ಎತ್ತಿ ಹಿತ್ತಲಿಗೆ ನಡೆದೆ.

ಗೋಡೆಯ ಮೇಲೆ ಮೊಣಕೈ ಊರಿದ್ದ ಚಂದ್ರಭಾಗಾಬಾಯಿ ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು.

“ಗುರಪ್ಪಣ್ಣಾ, ನಿನ್ನೆ ಸುವರ್ಣಾ ಜಗಲಿ ಮುಂದ ಗುಲಾಬಿ ರಂಗೋಲಿ ಹಾಕಿದ್ಳಲ್ಲ, ಆ ಪುಡಿ ಡಬ್ಬಿ ಅಲ್ಲೇ ಮರತ ಹೋಗ್ಯಾಳೇನು?”